ಕಾಶಿಯಲ್ಲಿ ಬಿಟ್ಟು ಬಂದದ್ದು

ಭಗವಂತ ಮನುಷ್ಯನಿಗೆ ಎರಡು ಸಲ ಹಲ್ಲು ಕೊಡುತ್ತಾನೆ. ಮೂರನೆಯ ಸಲ ಕೇಳಿದರೆ ಡಾಕ್ಟರ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತಾನೆ. ರಾಜಾಜಿನಗರದ ಪುಟ್ಟಲಕ್ಷ್ಮಮ್ಮನವರಿಗೆ ಆತ ಹೀಗೆ ಕೈ ತೋರಿಸಿದ್ದು ಅವರ ಅರವತ್ತೊಂದನೆಯ ವಯಸ್ಸಿನಲ್ಲಿ. ಆ ಹೊತ್ತಿಗೆ ಎರಡು ದವಡೆ ಹಲ್ಲು ಹೋಗಿದ್ದವು. ಮುಂದಿನ ಎರಡು, ಹೋಗಲೋ ಇರಲೋ ಎಂದು ಅಲುಗಾಡುತ್ತಿದ್ದವು.

ಹಲ್ಲು ಅತ್ತೆಯದು, ಚಿಂತೆಯೆಲ್ಲ ಸೊಸೆ ಅಂಬುಜಳದು. ಶನಿವಾರದ ಸಂಜೆ ಅತ್ತೆ ಜಗಲಿಯಲ್ಲಿ ಕೂತು ದೇವರನಾಮ ಎತ್ತಿಕೊಂಡರೆ ಬೀದಿಯ ಹೆಂಗಸರು ಒಲೆಯ ಮೇಲಿನದನ್ನು ಇಳಿಸಿ ಬರುತ್ತಿದ್ದರು. ತಾಯಿಯಿಲ್ಲದ ಅಂಬುಜ ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಅಳುತ್ತಿದ್ದಾಗ, ಆ ಅಳು ನಿಲ್ಲಿಸಿದ್ದೂ ಅದೇ ಹಾಡು. ಈಗ ಬೆಳಗ್ಗೆ ಅತ್ತೆ ಬಾಯಿ ಮುಕ್ಕಳಿಸಿದರೆ ಬಚ್ಚಲಿನ ನೀರು ಕೆಂಪಾಗುತ್ತಿತ್ತು. ಮುಂದಿನ ಹಲ್ಲೂ ಬಿದ್ದುಹೋದರೆ ಹಾಡಿನ ಮಾತೆಲ್ಲ ಗಾಳಿಯಾಗಿ ಹೋಗುತ್ತದಲ್ಲ ಎಂದು ಅಂಬುಜಳಿಗೆ ಸಂಕಟ. ಅತ್ತೆಯನ್ನು ಬಲವಂತವಾಗಿ ಹಲ್ಲಿನ ಡಾಕ್ಟರು ಶ್ಯಾಮಸುಂದರ ಅವರ ಹತ್ತಿರ ಕರೆದುಕೊಂಡು ಹೋದಳು.

"ಬಾಯಲ್ಲಿ ಯಾವಾಗ್ಲೂ ಏನಾದ್ರೂ ಇಟ್ಕೊಂಡಿರ್ತೀರಾ ಅಮ್ಮಾ?" ಎಂದರು ಡಾಕ್ಟರು.

"ಹರಿನಾಮ," ಎಂದರು ಪುಟ್ಟಲಕ್ಷ್ಮಮ್ಮ.

"ಅದರ ಜೊತೆಗೆ?"

"ಕಲ್ಲುಸಕ್ಕರೆ ಸಾರ್," ಎಂದಳು ಅಂಬುಜ. "ಜಪಮಾಲೆ ಒಂದು ಸುತ್ತಿಗೆ ಒಂದು ಹರಳು. ದಿನಕ್ಕೆ ಎಷ್ಟು ಸುತ್ತು ಅಂತ ಆ ದೇವರನ್ನೇ ಕೇಳ್ಬೇಕು."

ಡಾಕ್ಟರು ನಗಲಿಲ್ಲ. "ಹಬ್ಬದ ದಿನ ಊಟದ ಜೊತೆ ಒಂದು ಹೋಳಿಗೆ ತಿನ್ನಿ, ನಾನು ಬೇಡ ಅನ್ನಲ್ಲ. ಆದ್ರೆ ಬೆಳಗ್ಗಿಂದ ಸಂಜೆವರೆಗೂ ಸಕ್ಕರೆ ಚೀಪ್ತಾ ಇದ್ರೆ ಹಲ್ಲಿಗೂ ವಸಡಿಗೂ ಒಂದು ಗಳಿಗೆ ಬಿಡುವಿರಲ್ಲ. ಬಾಯಾಡಿಸ್ಬೇಕು ಅನ್ಸಿದ್ರೆ ಸೀಬೆಹಣ್ಣು, ಸೌತೆಕಾಯಿ ತೆಳ್ಳಗೆ ಹೆಚ್ಚಿಸ್ಕೊಳ್ಳಿ. ಕಡಲೆಕಾಯಿ ಮೆತ್ತಗೆ ಬೇಯಿಸ್ಕೊಂಡು ತಿನ್ನಿ. ಹೀಗೇ ನಡೆದ್ರೆ ಯುಗಾದಿಗೆ ಮುಂದಿನ ಎರಡೂ ಕೀಳ್ಬೇಕಾಗುತ್ತೆ."

ಅಂದಿನಿಂದ ಅಂಬುಜಳ ವ್ರತ ಶುರುವಾಯಿತು. ಹೆಗ್ಗನಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ಅಂಜಮ್ಮನ ಹತ್ತಿರ ಆರಿಸಿ ಆರಿಸಿ ಸೀಬೆ, ಸೌತೆ ಕೊಳ್ಳುವಳು. ಹೆಚ್ಚಿ ಉಪ್ಪು ಸವರಿ ತಟ್ಟೆಯಲ್ಲಿಟ್ಟರೆ ಅತ್ತೆ ಬೇಡವೆನ್ನುತ್ತಿರಲಿಲ್ಲ. ಚೊಕ್ಕವಾಗಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೇಲೊಂದು ಹರಳು ಕಲ್ಲುಸಕ್ಕರೆ ಹಾಕಿಕೊಳ್ಳುವರು! ಡಬ್ಬಿ ಅಡಗಿಸಿಟ್ಟರೆ ಜಪದ ಚೀಲದಲ್ಲಿ ಸಿಗುತ್ತಿತ್ತು. ಚೀಲ ಜಾಲಾಡಿದರೆ ಅರಿಶಿನದ ಭರಣಿಯಲ್ಲಿ ಸಿಗುತ್ತಿತ್ತು, ಹಳದಿ ಬಣ್ಣದಲ್ಲಿ.

"ನೀವಾದ್ರೂ ಒಂದು ಮಾತು ಹೇಳ್ರೀ," ಎಂದು ಗಂಡ ಪದ್ಮನಾಭನಿಗೆ ದುಂಬಾಲು ಬಿದ್ದಳು.

"ಅಮ್ಮನ ಹಲ್ಲು, ನಿನ್ನ ಸೌತೆಕಾಯಿ. ನನ್ನ ಯಾಕೆ ಮಧ್ಯೆ ಎಳೀತೀಯ? ಬಸ್ಸಿಗೆ ಹೊತ್ತಾಯ್ತು," ಎಂದು ಆತ ಚಪ್ಪಲಿ ಮೆಟ್ಟಿಕೊಂಡ.

ಹೀಗಿರುವಾಗ, ದೀಪಾವಳಿ ಕಳೆದ ಮೇಲೆ, ಬೀದಿಯ ನಾಲ್ಕಾರು ಜನ ಕಾಶಿಯಾತ್ರೆಗೆ ಹೊರಟರು, ಪುಟ್ಟಲಕ್ಷ್ಮಮ್ಮನವರೂ ಹೊರಟರು. ಅಂಬುಜಳಿಗೆ ದೇವರೇ ಬಾಗಿಲು ತೆರೆದಂತಾಯಿತು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೇನನ್ನಾದರೂ ಗಂಗೆಯ ದಡದಲ್ಲಿ ಬಿಟ್ಟು ಬರುತ್ತಾರಷ್ಟೆ. ಅಲ್ಲಿ ಬಿಟ್ಟದ್ದನ್ನು ಮತ್ತೆ ಮುಟ್ಟುವಂತಿಲ್ಲ. ಅದರಲ್ಲೂ ಅತ್ತೆ, ಪ್ರಾಣ ಹೋದರೂ ಮಾತಿಗೆ ತಪ್ಪುವವರಲ್ಲ.

ಗಂಟು ಕಟ್ಟುತ್ತ ಅಂಬುಜ ಕೇಳಿದಳು: "ಅತ್ತೆ, ಅಲ್ಲಿ ಏನ್ ಬಿಡ್ಬೇಕು ಅಂತ ಗೊತ್ತಲ್ಲ?"

"ಗೊತ್ತಿಲ್ದೆ ಏನೇ? ಇಷ್ಟವಾದದ್ದು. ಅಲ್ಲಿ ಸುಳ್ಳು ಹೇಳೋಕಾಗುತ್ತಾ?"

ಅಂಬುಜ ಯಾತ್ರೆಯ ಆ ಇಪ್ಪತ್ತು ದಿನ ನೆಮ್ಮದಿಯಾಗಿದ್ದಳು. ಮನೆಯಲ್ಲಿದ್ದ ಕಲ್ಲುಸಕ್ಕರೆಯನ್ನೆಲ್ಲ ಗುಡಿಗೆ ಕೊಟ್ಟು, ಡಬ್ಬಿ ತೊಳೆದು ಬಿಸಿಲಿಗಿಟ್ಟಳು.

ಅತ್ತೆ ಬಂದರು. ಗಂಗೆಯ ಗಿಂಡಿಯನ್ನು ದೇವರ ಮುಂದಿಟ್ಟು, ಸ್ನಾನ ಮಾಡಿ ಬಂದು ಕೂತರು. ಅಂಬುಜ ಸಡಗರದಿಂದ ತಟ್ಟೆ ತಂದಿಟ್ಟಳು: ಸೀಬೆ, ಸೌತೆ, ಹಬೆಯಾಡುವ ಕಡಲೆಕಾಯಿ. ಪುಟ್ಟಲಕ್ಷ್ಮಮ್ಮ ತಟ್ಟೆಗೆ ಕೈಮುಗಿದು ಪಕ್ಕಕ್ಕೆ ಸರಿಸಿದರು.

"ಇವು ಇನ್ಮೇಲೆ ನಂಗಿಲ್ಲ ಕಣೇ. ಬಿಟ್ಟು ಬಂದೆ."

"ಯಾವುದನ್ನ?"

"ಇವೇ ಮೂರನ್ನ. ಒಂದು ಹಣ್ಣು, ಒಂದು ಕಾಯಿ, ಜೊತೆಗೆ ನನ್ನ ಮನಸ್ಸಿಗೆ ಬಂದದ್ದು ಇನ್ನೊಂದು."

ಅಂಬುಜ ತಟ್ಟೆಯನ್ನು ಮತ್ತೆ ಅತ್ತೆಯ ಮುಂದಕ್ಕೆ ತಳ್ಳಿದಳು. "ಅತ್ತೆ! ಡಾಕ್ಟ್ರು ತಿನ್ನಿ ಅಂದಿದ್ದೇ ಇವು ಮೂರು! ಪ್ರಪಂಚದಲ್ಲಿ ಬಿಡೋಕೆ ಬೇರೇನೂ ಸಿಗ್ಲಿಲ್ವಾ ನಿಮಗೆ? ಕಲ್ಲುಸಕ್ಕರೆ ಬಿಡ್ಬೇಕಿತ್ತಲ್ವಾ?"

"ಪುರೋಹಿತರು, ಅಮ್ಮಾ ನಿಮಗೆ ತುಂಬ ಇಷ್ಟ ಯಾವುದು ಅಂದ್ರು. ಸೊಂಟದ ಮಟ್ಟ ನೀರಲ್ಲಿ ನಿಂತಿದೀನಿ, ಎದುರಿಗೆ ಸೂರ್ಯ ಹುಟ್ತಾ ಇದಾನೆ. ಕಣ್ಮುಚ್ಚಿದೆ. ನೀನು ದಿನಾ ಮಧ್ಯಾಹ್ನ ಹೆಚ್ಚಿ, ಬೀಜ ತೆಗೆದು, ಉಪ್ಪು ಸವರಿ ತಂದಿಡ್ತೀಯಲ್ಲ, ಆ ತಟ್ಟೆಯೇ ಕಂಡ್ತು. ಅಲ್ಲಿ ಹೇಗೆ ಸುಳ್ಳು ಹೇಳ್ಲಿ?"

"ಮತ್ತೆ ಕಲ್ಲುಸಕ್ಕರೆ?"

"ಅದು ಇಷ್ಟ ಅಲ್ಲ ಕಣೇ, ಅಭ್ಯಾಸ. ಕೆಟ್ಟ ಅಭ್ಯಾಸಾನ ವಿಶ್ವನಾಥನಿಗೆ ಕೊಟ್ರೆ, ನಮ್ಮನೆ ಕಸಾನ ಅವನ ಅಂಗಳಕ್ಕೆ ಗುಡಿಸಿದ ಹಾಗಲ್ವಾ?"

ಅಂಬುಜಳಿಗೆ ಸಿಟ್ಟು ನೆತ್ತಿಗೇರಿತ್ತು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಎರಡನ್ನೂ ಏನು ಮಾಡಬೇಕೋ ತಿಳಿಯದೆ ತಟ್ಟೆಯಲ್ಲಿದ್ದ ಸೌತೆಯನ್ನೆಲ್ಲ ತಾನೇ ಕರಕರ ಕಡಿದು ತಿಂದಳು. ಸಂಜೆ ಮನೆಗೆ ಬಂದ ಪದ್ಮನಾಭ ಸಂಗತಿ ಕೇಳಿ ಹೊಟ್ಟೆ ಹಿಡಿದು ನಕ್ಕ. ಆ ರಾತ್ರಿ ಅವನ ತಟ್ಟೆಗೆ ಎರಡನೇ ಸಲ ಸಾರು ಬೀಳಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಜಪಕ್ಕೆ ಕೂತರು. ದಾರಿಯಲ್ಲಿ ಕೊಂಡ ಕಲ್ಲುಸಕ್ಕರೆಯ ಪೊಟ್ಟಣ ಚೀಲದಲ್ಲಿತ್ತು. ಅಂಬುಜ ಎದುರಿಗೆ ಬಂದು ಕೂತಳು. ಈ ಸಲ ಚೀಲಕ್ಕೆ ಕೈ ಹಾಕಲಿಲ್ಲ.

"ಅತ್ತೆ, ಇಷ್ಟವಾದದ್ದನ್ನ ದೇವರಿಗೆ ಕೊಟ್ರಿ, ಸರಿ. ಕಸ ಗುಡಿಸೋಳು ನಾನೇ ಅಲ್ವಾ ಈ ಮನೇಲಿ? ಆ ಅಭ್ಯಾಸ ನಂಗೆ ಕೊಡಿ."

ಪುಟ್ಟಲಕ್ಷ್ಮಮ್ಮ ಮಾಲೆ ಹಿಡಿದ ಕೈ ನಿಲ್ಲಿಸಿದರು.

"ಯುಗಾದಿಗೆ ನಿಮ್ಮ ಹಲ್ಲು ಕೀಳಿಸೋಕೆ ನಾನು ಜೊತೇಲಿ ಬರಲ್ಲ," ಎಂದಳು ಅಂಬುಜ. "ಆಮೇಲೆ ಶನಿವಾರ ಹಾಡೋರು ಯಾರು? ನಿಮ್ಮ ಮಗನಾ?"

ಪದ್ಮನಾಭನ ಕಂಠ ಎಂಥದ್ದೆಂದು ಹೆತ್ತವರಿಗೆ ಗೊತ್ತಿಲ್ಲದೆ ಇರುತ್ತದೆಯೇ. ಪುಟ್ಟಲಕ್ಷ್ಮಮ್ಮ ಮಾಲೆಯನ್ನು ಪಕ್ಕಕ್ಕಿಟ್ಟರು. ಚೀಲದಿಂದ ಪೊಟ್ಟಣ ತೆಗೆದು ಸೊಸೆಯ ಮಡಿಲಿಗೆ ಹಾಕಿದರು.

"ತಗೋ. ವಿಶ್ವನಾಥನಾದ್ರೂ ತಪ್ಪಿದ್ರೆ ಕ್ಷಮಿಸ್ತಾನೆ, ನೀನು ಅರಿಶಿನದ ಭರಣೀನೂ ಬಿಡಲ್ಲ. ಇನ್ನು ಮುಟ್ಟಲ್ಲ, ಹೋಗು."

ಅವರು ಮುಟ್ಟುವುದಿಲ್ಲವೆಂದರೆ ಮುಟ್ಟುವುದಿಲ್ಲ. ಆದರೆ ಮಧ್ಯಾಹ್ನಕ್ಕೆ ಏನು? ಅಂಬುಜ ತಲೆ ಕೆಡಿಸಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಅಂಜಮ್ಮ ಬುಟ್ಟಿ ಇಳಿಸಿದ್ದಳು. ಅಂಬುಜ ಸಂಗತಿ ಹೇಳಿದಳು.

"ಸೀಬೆ ದೇವ್ರಿಗೆ ಬಿಟ್ರಾ? ಸೌತೇನೂವಾ? ನನ್ನ ಯಾಪಾರಾನೇ ಗಂಗೆಗೆ ಬಿಟ್ಟು ಬಂದವ್ರೆ ಅನ್ನಿ ನಿಮ್ಮತ್ತೆಮ್ಮ! ಹೋಗ್ಲಿ, ಅವರೆಕಾಯಿ ಐತೆ ನೋಡಿ. ಸೊಗಡು ಹೆಂಗೈತೆ, ಮೂಸಿ ನೋಡಿ."

ಅಂಬುಜ ಮಡಿಲು ತುಂಬ ಕೊಂಡಳು. ಕಾಳು ಸುಲಿದು, ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಎರಡು ಹನಿ ನಿಂಬೆರಸ ಹಿಂಡಿ ಬಟ್ಟಲಲ್ಲಿ ತಂದಿಟ್ಟಳು. ಪುಟ್ಟಲಕ್ಷ್ಮಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದರು.

"ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡಿ ಅತ್ತೆ!" ಎಂದು ಅಂಬುಜ ಎರಡೂ ಕೈ ಎತ್ತಿ ತಡೆದಳು. "ನೀವು ಗಂಗೆ ತಗೊಂಡು ರಾಮೇಶ್ವರಕ್ಕೆ ಹೋಗೋದು ಇನ್ನೂ ಬಾಕಿ ಇದೆ, ಇದನ್ನೂ ಅಲ್ಲಿ ಬಿಟ್ಟು ಬಂದೀರಿ!"

ಅತ್ತೆ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು.

"ಸುಮಾರಾಗಿದೆ ಕಣೇ," ಎಂದು, ಬಟ್ಟಲು ಖಾಲಿ ಮಾಡಿ ಮತ್ತೆ ಮುಂದಕ್ಕೆ ಚಾಚಿದರು.