ದುಬೈಯಿಂದ ಮೂರು ತಾಸು

ಮಾಳವ್ವ ಅತ್ತೆಯ ಕಾಲು ತೊಳೆಯುತ್ತಿದ್ದಳು. ಹಿಮ್ಮಡಿಯ ಬಿರುಕುಗಳಲ್ಲಿ ಕೂತಿದ್ದ ಎರೆಮಣ್ಣು ಎಷ್ಟು ತಿಕ್ಕಿದರೂ ಬಿಡಲಿಲ್ಲ. ಬೆಳಗಿನ ಜಾವ ತೀರಿಕೊಂಡ ಮರಿಯವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ತಲೆ ವಾಲದಂತೆ ಗೂಟಕ್ಕೆ ಬಟ್ಟೆ ಕಟ್ಟಿದ್ದರು. ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಮಗ ಮೈಲಾರಿ ಬರಬೇಕಿತ್ತು, ಅಷ್ಟೇ.

"ದುಬೈ ಬೊಂಬಾಯಿಗೆ ಎಷ್ಟ ದೂರ ಐತಿ?" ಹೊರಗೆ ಕಟ್ಟೆಯ ಮೇಲಿದ್ದ ತಿರಕಪ್ಪ ಕೇಳಿದ.

"ದೂರ ಕೇಳಬ್ಯಾಡ, ತಾಸ ಕೇಳು," ಎಂದ ನೆರೆಮನೆಯ ಯಮನೂರಸಾಬ. "ನನ್ನ ಮಗ ಮೂರ ತಾಸಿನ್ಯಾಗ ಬಂದಿಳದ. ಅಲ್ಲಿಂದ ಗದಗ ಮುಟ್ಟಾಕ ಹಗಲೂ ರಾತ್ರಿ ರೈಲಿನಾಗ ಕುಂತು ಸೊಂಟ ಹೋತಂತ."

"ಹಂಗಾದ್ರ ಬೊಂಬಾಯಿಗೆ ದುಬೈನ ಹತ್ರ, ನಮ್ಮೂರು ಮಾಗಡಿನ ದೂರ ಆತಲ್ಲೋ ಸಾಬಣ್ಣ."

ಒಬ್ಬಿಬ್ಬರು ನಕ್ಕರು. ಸತ್ತವಳ ತಮ್ಮ ಕಳಕಪ್ಪ ಕೆಮ್ಮಿದ, ನಗು ನಿಂತಿತು.

"ಮಾಳವ್ವಾ, ಮೈಲಾರಿ ಮೊನ್ನಿ ಇಮಾನ ಹತ್ಯಾನ ಅಂದಿದ್ದಿ ಅಲ್ಲೇನವಾ?" ಅವನು ಒಳಗೆ ಇಣುಕಿದ. "ಲೆಕ್ಕಾ ಹಾಕಿದ್ರ ಸಂಜಿ ಬಸ್ಸಿಗೆ ಇಲ್ಲಿರಬೇಕು. ಹೊತ್ತು ಮುಳುಗೂದರಾಗ ಮಣ್ಣ ಮಾಡಬೇಕು ನೋಡು."

ಅವಳು ತಲೆಯಾಡಿಸಿದಳು. ಮತ್ತೆ ಹಿಮ್ಮಡಿ ತಿಕ್ಕತೊಡಗಿದಳು.

*

ಗಂಡ ಮೈಲಾರಿ ದುಬೈಗೆ ದುಡಿಯಲು ಹೋದ ಮೇಲೆ ಬಂದದ್ದು ಒಂದೇ ಕಾಗದ. ಆಮೇಲೆ ಎರಡು ಮಳೆಗಾಲ ಕಳೆದವು. ಅತ್ತೆಗೆ ಓದು ಬಾರದು. ಸೊಸೆಯೇ ಖಬರು ಹುಟ್ಟಿಸಿ ಹೇಳುತ್ತಿದ್ದಳು.

ಕೆರೆಯ ಮೇಲೆ ವಿಮಾನದ ಸದ್ದು ಕೇಳಿದರೆ ಮರಿಯವ್ವ ಮೆಣಸಿನ ಹೊಲದಲ್ಲಿ ಕಳೆ ಕೀಳುವುದನ್ನು ಬಿಟ್ಟು, ಸದ್ದು ಅಡಗುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದಳು.

"ನಾ ನಾಕ ಸಾಲ ಕಳೆ ತಗಿಯೂದರಾಗ ಸಮುದ್ರ ದಾಟತೈತಿ ಅದು, ಖರೇನ?"

"ಖರೆ ಐತ್ರಿ ಅತ್ತಿ."

"ಅಷ್ಟೊತ್ತು ಕಾಲಾಗ ನೆಲಾನ ಇರೂದಿಲ್ಲ. ಅಂವಗ ಅಂಜಿಕಿ ಆಗೂದಿಲ್ಲೇನ?"

ಮೊನ್ನೆ ಮೇಲುಸಿರು ಹತ್ತಿದಾಗ ಕೇಳಿದ್ದೂ ಅವನನ್ನೇ. ಮನೆ ತುಂಬ ಜನ. "ಇಮಾನ ಹತ್ಯಾರ್ರಿ ಅತ್ತಿ, ಮೂರ ತಾಸು ಅಷ್ಟ," ಎಂದುಬಿಟ್ಟಳು ಮಾಳವ್ವ. ಮುದುಕಿಯ ಮುಷ್ಟಿ ಸಡಿಲಾಯಿತು. ಆ ಮಾತನ್ನು ಎಲ್ಲರೂ ಕೇಳಿಸಿಕೊಂಡಿದ್ದರು.

*

ಸಂಜೆಯ ಬಸ್ಸಿನಿಂದ ಲಕ್ಷ್ಮೇಶ್ವರದ ಸಂತೆಗೆ ಹೋಗಿದ್ದ ಇಬ್ಬರು ಹೆಂಗಸರು ಇಳಿದರು. ಬಸ್ಸು ತಿರುಗಿ ಹೋಯಿತು.

"ಇಮಾನ ತಡ ಆಗಿರಬೇಕು," ಎಂದ ತಿರಕಪ್ಪ.

"ಇರಾಂವ ಒಬ್ಬ ಮಗ. ಒಂದ ರಾತ್ರಿ ಕಾಯೋಣು," ಎಂದ ಕಳಕಪ್ಪ. "ನಾ ಗದಗಕ್ಕ ಹೋಗಿ ತಾರ ಕೊಟ್ಟು, ಹಂಗ ಬರ್ಫ ತರತೀನಿ. ಮಾಳವ್ವಾ, ಅಂವ ಎಲ್ಲಿ ಅದಾನಂತ ಬರದ ಕೊಡವಾ."

ಎಲ್ಲಿದ್ದಾನೆ? ಈ ಮಾತನ್ನು ಅವಳು ಮನಸ್ಸಿನೊಳಗೂ ಕೇಳಿಕೊಂಡವಳಲ್ಲ. ಅತ್ತೆ ಗೋಡೆಗೆ ಒರಗಿ ಕೂತಿರುವವರೆಗೂ ಅವನು ವಿಮಾನದಲ್ಲಿದ್ದ. ಎತ್ತಿಬಿಟ್ಟರೆ?

ನೊಣಗಳು ಮುತ್ತತೊಡಗಿದ್ದವು. ಮಾಳವ್ವ ಸೆರಗಿನಿಂದ ಓಡಿಸಿದಳು, ಮತ್ತೆ ಬಂದವು. ಅವಳು ಎದ್ದು ಬಾಗಿಲಿಗೆ ಬಂದಳು. ಅಷ್ಟು ಗಂಡಸರೆದುರು ಅವಳು ಎಂದೂ ನಿಂತು ಮಾತಾಡಿರಲಿಲ್ಲ.

"ಕಾಯಬ್ಯಾಡ್ರಿ ಮಾವಾರ, ಅವ್ರು ಬರೂದಿಲ್ಲ. ಅತ್ತಿನ್ನ ಎತ್ತರಿ."

ಎಲ್ಲರ ಕಣ್ಣೂ ಅವಳ ಹಣೆಯ ಕುಂಕುಮದ ಮೇಲೆ ನಿಂತವು. ಯಾರೂ ಏಳಲಿಲ್ಲ.

"ಎತ್ತರಿ," ಎಂದಳು ಮತ್ತೆ.