ಕೆಂಪು ದಾರದ ಗಂಟು

ಸಿದ್ದರಾಜು ಸಾರ್ ಕಟ್ಟಿದ ಕೇಬಲ್ ಎಂದರೆ ಪೀಣ್ಯ ಎರಡನೇ ಹಂತದ ಸಣ್ಣ ಆಫೀಸುಗಳಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಎಂಟು ಬಣ್ಣದ ತಂತಿಗಳನ್ನು ಸಾಲಾಗಿ ಜೋಡಿಸಿ, ತುದಿಗೆ ಪ್ಲಗ್ ಒತ್ತಿ ಕೂರಿಸಿದ ಮೇಲೆ ಅವರು ಅದರ ಕತ್ತಿಗೊಂದು ಕೆಂಪು ದಾರದ ಗಂಟು ಹಾಕುವರು. ಎಲ್ಲಾದರೂ ನೆಟ್‌ವರ್ಕ್ ಕೈಕೊಟ್ಟರೆ, "ಗಂಟಿರೋ ಕಡೆ ಹುಡುಕ್ಬೇಡ ವೇಣಿ, ಬೇರೆ ಕಡೆ ನೋಡು" ಎನ್ನುವರು. ಜಂಬವೇ ಸರಿ. ಆದರೆ ಏಳು ವರ್ಷ ಅವರ ಜೊತೆ ದುಡಿದ ನಾನು ಆ ಜಂಬ ಸುಳ್ಳಾಗಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಕಂಡಿದ್ದು ಈ ವರ್ಷ, ಸಂಕ್ರಾಂತಿಯ ಮರುದಿನ. ಸ್ಪ್ರಿಂಗ್ ತಯಾರಿಸುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಪ್ರಿಂಟರ್ ನೆಟ್‌ವರ್ಕಿಗೆ ಸಿಗುತ್ತಿರಲಿಲ್ಲ. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ, ಪ್ರಿಂಟರಿಗೆ ಶಾಪ ಹಾಕಿದೆ. ಕೊನೆಗೆ ಬೇರೆ ದಾರಿಯಿಲ್ಲದೆ ಗಂಟಿರುವ ಕೇಬಲ್ಲನ್ನೇ ಟೆಸ್ಟರಿಗೆ ಸಿಕ್ಕಿಸಿದೆ. ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಬೇಕಾದ ದೀಪಗಳು ಮೂರರಿಂದ ಆರಕ್ಕೆ ಹಾರಿ, ಐದು, ನಾಲ್ಕು ಎಂದು ಹಿಂದೆ ಬಂದು, ಆಮೇಲೆ ಏಳಕ್ಕೆ ಹೋದವು. ನೀಲಿ ತಂತಿ ಕೂರಬೇಕಾದಲ್ಲಿ ಹಸಿರು ಕೂತಿತ್ತು, ಹಸಿರಿನ ಜಾಗದಲ್ಲಿ ನೀಲಿ.

ಸಾರ್ ಹೊರಗೆ ಮಾಲೀಕರ ಜೊತೆ ಕಾಫಿ ಕುಡಿಯುತ್ತಿದ್ದರು. ನಾನು ಗಡಿಬಿಡಿಯಲ್ಲಿ ಆ ತುದಿ ಕತ್ತರಿಸಿ, ಹೊಸದು ಕಟ್ಟಿ, ಅವರ ಹಾಗೆಯೇ ಕೆಂಪು ಗಂಟು ಹಾಕಿದೆ. "ಸ್ವಿಚ್ ಹ್ಯಾಂಗ್ ಆಗಿತ್ತು ಸಾರ್" ಎಂದೆ. ನಂಬಿದರು.

ಅಲ್ಲಿಂದ ಮೂರು ತಿಂಗಳು ಇದೇ ನನ್ನ ಕೆಲಸವಾಯಿತು. ಅವರು ಕಟ್ಟಿ ಮುಗಿಸಿದ ಕೂಡಲೇ ಟೆಸ್ಟರ್ ನಾನೇ ತೆಗೆದುಕೊಳ್ಳುತ್ತಿದ್ದೆ. ತಪ್ಪಿದ ತುದಿಯನ್ನು ಕದ್ದು ಸರಿಮಾಡಿ, ಗಂಟು ಹಾಕಿ, ಹಳೆಯದನ್ನು ಜೇಬಿಗೆ ಸೇರಿಸುತ್ತಿದ್ದೆ. ಪಿಯುಸಿ ಫೇಲಾಗಿ ಗಾರ್ಮೆಂಟ್ಸಿಗೆ ಹೊರಟವಳ ಕೈಗೆ ಇಕ್ಕಳ ಕೊಟ್ಟು ಕೆಲಸ ಕಲಿಸಿದವರು ಅವರು. ಅವರ ಹೆಸರು ಕಾಪಾಡುವುದೇ ನನ್ನ ಗುರುದಕ್ಷಿಣೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಏಪ್ರಿಲ್‌ನಲ್ಲಿ ಪಂಪು ಮಾರುವ ಗುರುರಾಜ್ ಅವರ ಆಫೀಸಿನಲ್ಲಿ ಹನ್ನೆರಡು ತುದಿ ಕಟ್ಟಿದೆವು. ಬೇರೆ ಕಡೆಯಿಂದ ಅವಸರದ ಫೋನ್ ಬಂದು, ಒಂದನ್ನು ಪರೀಕ್ಷಿಸದೆ ಹೊರಟುಬಿಟ್ಟಿದ್ದೆ. ಮರುದಿನವೇ ಕರೆ ಬಂತು; ಇಬ್ಬರೂ ಓಡಿಹೋದೆವು.

"ಬೆಳಗ್ಗೆಯಿಂದ ಬಿಲ್ ಹೊಡಿಯಕ್ಕಾಗ್ತಿಲ್ಲ ಕಣ್ರೀ" ಎಂದು ಗುರುರಾಜ್ ಕೂಗಾಡಿದರು. ಟೆಸ್ಟರನ್ನು ತಾವೇ ಕಸಿದು ಹಿಡಿದರು. "ಇದೇನ್ರೀ, ದೀಪ ಹಿಂದಕ್ಕೆ ಓಡ್ತಿದೆ? ಯಾರ್ ಮಾಡಿದ್ದು ಇದನ್ನ?"

"ನಾನು ಸಾರ್" ಎಂದೆ.

ಸಿದ್ದರಾಜು ಸಾರ್ ಬಗ್ಗಿ ಗಂಟನ್ನು ಬೆರಳಲ್ಲಿ ಸವರಿದರು. "ಗಂಟು?"

"ಅದೂ ನಾನೇ ಹಾಕಿದ್ದು."

"ನನ್ನ ಗಂಟು ಹಾಕೋಕೆ ಯಾರೇ ಹೇಳಿದ್ದು ನಿಂಗೆ?" ಅವರು ಅಷ್ಟು ಜೋರಾಗಿ ಗದರಿದ್ದನ್ನು ನಾನು ಕೇಳಿರಲಿಲ್ಲ. "ಏಳು ವರ್ಷ ಆಯ್ತು, ಇನ್ನೂ ಬಣ್ಣ ಗೊತ್ತಾಗಲ್ವಾ? ಕೂತ್ಕೋ ಇಲ್ಲಿ, ನೋಡ್ಕೋ."

ತುದಿ ಕತ್ತರಿಸಿ, ತಂತಿಗಳನ್ನು ಬಿಡಿಸಿ, ಒಂದೊಂದರ ಬಣ್ಣವನ್ನು ಪಾಠದ ಹಾಗೆ ಗಟ್ಟಿಯಾಗಿ ಹೇಳುತ್ತಾ ಜೋಡಿಸಿದರು. "ನೀಲಿ" ಎನ್ನುವಾಗ ಅವರ ಬೆರಳಲ್ಲಿ ಹಸಿರು ತಂತಿ ಇತ್ತು. ಇಕ್ಕಳ ಒತ್ತಿ, ಗಂಟು ಹಾಕಿ, ಗುರುರಾಜ್ ಅವರ ಕೈಗೇ ಕೊಟ್ಟರು. ದೀಪಗಳು ಮತ್ತೆ ಹಿಂದಕ್ಕೆ ಓಡಿದವು.

ಸಾರ್ ಆ ತುದಿಯನ್ನು ಕಿಟಕಿಯ ಬೆಳಕಿಗೆ ಒಯ್ದು, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು.

"ವೇಣಿ, ಇದು ನೀಲಿ ಅಲ್ವೇನಮ್ಮ?"

"ಹಸಿರು ಸಾರ್."

ಮರುದಿನ ಕಣ್ಣಿನ ಆಸ್ಪತ್ರೆಗೆ ಸಾರ್ ಮತ್ತು ಅವರ ಹೆಂಡತಿ ಶಿವಲಿಂಗಮ್ಮನವರ ಜೊತೆ ನಾನೂ ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ ಎಂದರು ಡಾಕ್ಟರಮ್ಮ. "ಇಷ್ಟು ದಿನ ಏನೂ ಗೊತ್ತಾಗ್ಲಿಲ್ವಾ ನಿಮ್ಗೆ?"

"ಸ್ವಲ್ಪ ಮಂಜು ಇತ್ತು ಮೇಡಂ. ನನ್ ಹೆಂಡ್ತಿ ದಿನಾ ಬಡ್ಕೋತಿದ್ಳು, ತೋರ್ಸಿ ತೋರ್ಸಿ ಅಂತ. ಆದ್ರೆ ನಂದು ಬಣ್ಣ ನೋಡೋ ಕೆಲ್ಸ. ಕಣ್ಣು ಕೆಟ್ಟಿದ್ರೆ ತಂತಿ ತಪ್ಪಬೇಕಿತ್ತಲ್ಲ? ಒಂದೂ ತಪ್ಪಲಿಲ್ಲ. ನಿನ್ನೆದೇ ಮೊದಲು."

"ಮೂರು ತಿಂಗಳು ಮುಂಚೆ ಬಂದಿದ್ರೆ ಎಡಗಣ್ಣು ಉಳಿಸ್ಬಹುದಿತ್ತು" ಎಂದರು ಡಾಕ್ಟರಮ್ಮ. "ಬಲಗಣ್ಣಿಗೆ ಪ್ರಯತ್ನ ಮಾಡೋಣ."

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ಅಳು ತಡೆಯಲಾಗಲಿಲ್ಲ. ಸಾರ್ ತಡಕಾಡಿ ನನ್ನ ತಲೆಯ ಮೇಲೆ ಕೈಯಿಟ್ಟರು. "ನಿನ್ನೆ ನನ್ನ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡೆಯಲ್ಲ, ಬೈದ್ಬಿಟ್ಟೆ ನಾನು. ಅಳ್ಬೇಡ. ನೀನೇನ್ ಮಾಡಿದ್ದೀಯ ಪಾಪ?"

ಜೇಬಿನಲ್ಲಿದ್ದ ಹಳೆಯ ತುದಿಗಳನ್ನೆಲ್ಲ ತೆಗೆದು ಅವರ ಇನ್ನೊಂದು ಕೈಯಲ್ಲಿಟ್ಟೆ. ಅವರು ಒಂದೊಂದೇ ಗಂಟನ್ನು ಬೆರಳಲ್ಲಿ ಮುಟ್ಟಿದರು.

"ತಪ್ಪಿದ್ವು ಸಾರ್" ಎಂದೆ. "ಸಂಕ್ರಾಂತಿಯಿಂದ ತಪ್ತಾನೇ ಇದ್ವು. ನಾನು ಹೇಳ್ಲಿಲ್ಲ."

ನನ್ನ ತಲೆಯ ಮೇಲಿದ್ದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವರು ಅದನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.