ಗಗನನೌಕೆಯಲ್ಲಿ ಒಂದೇ ಬಳಿಯ ಮದುವೆ

ಒಂದೇ ಬಳಿಯ, ಎಂದರೆ ಒಂದೇ ಕುಲದ, ಗಂಡು ಹೆಣ್ಣು ಅಂತರಿಕ್ಷದಲ್ಲಿ ಮದುವೆಯಾಗಬಹುದೇ ಎಂಬ ಘನವಾದ ಪ್ರಶ್ನೆಯನ್ನು ಕಂಪಾಲದ ಕವೆಂಪೆ ಬಡಾವಣೆ ಒಂದು ಶನಿವಾರ ಮಧ್ಯಾಹ್ನ ಇತ್ಯರ್ಥಪಡಿಸಬೇಕಾಯಿತು.

ಈ ಪ್ರಶ್ನೆ ಎಬ್ಬಿಸಿದ ಗಗನನೌಕೆಯ ಸಿನಿಮಾಗಳು ಕಡಲಾಚೆ ತಯಾರಾಗಿರಬಹುದು. ನಮ್ಮಲ್ಲಿ ಅವು ಹುಟ್ಟಿದ್ದು ಲುಯಿಂಬಾಜಿಯ ಬಾಯಲ್ಲಿ. ನಲುಬೆಗಾಳ ತಗಡಿನ ವಿಡಿಯೊ ಹಾಲ್‌ನಲ್ಲಿ ಪರದೆಯ ಪಕ್ಕ ಮೈಕು ಹಿಡಿದು ಕೂತು, ಇಂಗ್ಲಿಷ್ ಮಾತನ್ನು ಅಡಗಿಸಿ, ನಮ್ಮ ಲುಗಾಂಡ ಭಾಷೆಯಲ್ಲಿ ಕಥೆ ಹೇಳುವುದು ಅವನ ಕಸುಬು. ಮೊದಲ ಭಾಗದಲ್ಲಿ ನಾಯಕಿ ಊಟದ ತಟ್ಟೆ ದೂಡಿದಾಗ, "ಹುರಿದ ಮಿಡತೆ ಬಡಿಸಿದಾರೆ. ಇವಳು ಮಿಡತೆ ಬಳಿಯೋಳು, ಹೆಂಗೆ ತಿಂತಾಳೆ?" ಎಂದಿದ್ದ. ತಮ್ಮ ಬಳಿಗೆ ಹೆಸರು ಕೊಟ್ಟ ಜೀವಿಯನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ; ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಭಾಗದಲ್ಲಿ ನಾಯಕನೂ ತಟ್ಟೆ ದೂಡಿದ. ಲುಯಿಂಬಾಜಿ ಅವನನ್ನೂ ಅದೇ ಬಳಿಗೆ ಸೇರಿಸಿದ. ಅಂದಿನಿಂದ ಮಿಡತೆ ಬಳಿಯವರಿಗೆ ಅವರಿಬ್ಬರೂ ಮನೆಮಕ್ಕಳು. ಟ್ಯಾಕ್ಸಿಗಳ ಬೆನ್ನಿಗೆ ಅವರ ಚಿತ್ರ ಬಂತು, ಸಲೂನುಗಳಿಗೆ ಅವಳ ಜಡೆ ಬಂತು.

ನಾಲ್ಕನೆಯ ಭಾಗದ ಪೋಸ್ಟರಿನಲ್ಲಿ ಇಬ್ಬರೂ ಮದುವೆಯ ಬಟ್ಟೆಯಲ್ಲಿದ್ದರು.

ಆ ಶನಿವಾರ ಮಿಡತೆ ಬಳಿಯ ಹಿರಿಯ ಮುಗಲುಲ ಅಜ್ಜ ಹಾಲ್‌ನ ಬಾಗಿಲಲ್ಲೇ ಕೋಲು ಕುಟ್ಟಿದ. "ಒಂದೇ ಬಳಿ ಅಂದ್ರೆ ಅಣ್ಣ ತಂಗಿ ಕಣೋ. ನಮ್ಮ ಹುಡುಗೀನ ನಮ್ಮ ಹುಡುಗಂಗೇ ಕಟ್ತೀಯಾ? ನಾಚ್ಕೆ ಇಲ್ವಾ ನಿಂಗೆ?"

"ಅಜ್ಜಾ, ಕಟ್ತಿರೋನು ನಾನಲ್ಲ. ಅವರ ದೇಶದೋರು," ಎಂದ ಲುಯಿಂಬಾಜಿ.

"ಬಳಿ ಕೊಟ್ಟೋರು ಯಾರು? ಅವರ ದೇಶದೋರಾ?"

"ಬಿಡಿ, ಹುಡುಗೀನ ಆನೆ ಬಳಿಗೆ ಹಾಕ್ತೀನಿ."

ಅಜ್ಜನ ಹಿಂದಿದ್ದ ಹೆಂಗಸರು ಕೆಂಡವಾದರು. "ಮೂರು ಸಿನಿಮಾ ನಮ್ಮ ಮಗಳು, ಈಗ ಯಾರೋ ಬೀದೀಲಿ ಹೋಗೋಳಾ? ನಿನ್ ಬಾಯಿಗಿಷ್ಟು ಮಣ್ಣ್ ಹಾಕ."

ನಲುಬೆಗಾ ಅವನನ್ನು ಪಕ್ಕಕ್ಕೆ ಎಳೆದಳು. "ಹದಿನಾಲ್ಕು ವರ್ಷ ಈ ಮೈಕು ನಿಂದೇ ಅಂತ ಬಿಟ್ಟಿದೀನಿ. ಇವತ್ತು ಇವರು ಎದ್ದು ಹೋದ್ರೆ, ನಾಳೆಯಿಂದ ನಿಂದಲ್ಲ. ತಿಳೀತಾ?"

ಸಿನಿಮಾ ಶುರುವಾಯಿತು. ಬಿಳಿ ಬಟ್ಟೆಯ ವಧು ಬಂದಾಗ ಲುಯಿಂಬಾಜಿ, "ಇದು ಮದುವೆ ಅಲ್ಲ, ಬಳಿಯ ಪಂಚಾಯ್ತಿ," ಎಂದ. ಪಾದ್ರಿ ಪಂಚಾಯ್ತಿಯ ಹಿರಿಯನಾದ. "ನೋಡಿ, ಥೇಟು ನಮ್ಮಜ್ಜನ ಥರಾನೇ ಬೈತಾ ಇದಾರೆ." ಉಂಗುರ ಬದಲಾದಾಗ, "ಅಣ್ಣ ತಂಗಿ ಅಂತ ಆಣೆ ಇಟ್ರು," ಎಂದ. ಅಜ್ಜ ತಲೆದೂಗಿದ. ಹೆಂಗಸರು ಚಪ್ಪಾಳೆ ತಟ್ಟಿದರು.

ಆಮೇಲೆ ಪರದೆಯ ಮೇಲೆ ಅವರಿಬ್ಬರು ತುಟಿಗೆ ತುಟಿ ಸೇರಿಸಿದರು. ಬಹಳ ಹೊತ್ತು. ಲುಯಿಂಬಾಜಿ ಬಾಯಿ ತೆರೆದ, ಮುಚ್ಚಿದ. ಮಾತು ಹುಟ್ಟಲಿಲ್ಲ.

"ಆರಿಸು ಅದನ್ನ," ಎಂದು ಅಜ್ಜ ಎದ್ದ. ಅವನ ಹಿಂದೆ ಸಾಲು ಸಾಲೇ ಎದ್ದಿತು. ಬೆಂಚುಗಳು ಉರುಳಿದವು. ಒಂದು ಚಪ್ಪಲಿ ನಾಯಕನ ಕೆನ್ನೆಗೆ ಬಿತ್ತು, ಇನ್ನೊಂದು ಲುಯಿಂಬಾಜಿಯ ಕೆನ್ನೆಗೆ.

ಐದನೆಯ ಭಾಗದ ಕಥೆಯನ್ನು ನಲುಬೆಗಾಳ ಹಾಲ್‌ನಲ್ಲಿ ಬೇರೊಬ್ಬ ಹೇಳಿದ.